ಒದ್ದೆ ಚಾದರದ ಕೋಣೆ

ಚಪ್ ಚಪ್ ಚಪ್, ಮತ್ತೆ ಶುರುವಾಯಿತು, ಅಡುಗೆಮನೆಯ ಮುಚ್ಚಿದ ಬಾಗಿಲಿನ ಆಚೆಯಿಂದ, ನಾಲಗೆ ಮತ್ತು ಕಾಲ್ಬೆರಳ ಸಂದಿ, ನಾಲಗೆ ಮತ್ತು ಸಂದಿ, ನೆಕ್ಕುವುದು ನಿಂತರೆ ಕಚ್ಚುವುದು, ಕಚ್ಚುವುದು ನಿಂತರೆ ಕಿವಿ ಕೆರೆಯುವುದು, ಕೆರೆಯುವಾಗ ಹಿಂಗಾಲು ನೆಲಕ್ಕೆ ಬಡಿದು ಡಬಡಬ ಎನ್ನುತ್ತದೆ — ನಿಲ್ಲಿಸೋ, ಎಂದ ಅವನು, ಹಿತ್ತಲಿನ ಒಲೆಯ ಮುಂದೆ ನಿಂತು, ತನಗೇ ಕೇಳುವಷ್ಟು ಮೆಲ್ಲಗೆ, ನಿಲ್ಲಿಸಪ್ಪ ಸಾಕು, ಕೋಲಿನಿಂದ ಹಂಡೆಯೊಳಗಿನ ಚಾದರವನ್ನು ಒತ್ತಿದ, ಒಂದು ಕಡೆ ಮುಳುಗಿದ್ದು ಇನ್ನೊಂದು ಕಡೆ ಹೊಟ್ಟೆ ಉಬ್ಬಿಸಿಕೊಂಡು ಮೇಲೆ ಬಂತು, ಹಬೆ ಮುಖಕ್ಕೆ ಹೊಡೆಯಿತು, ಬಿಸಿ ನೀರಲ್ಲೇ ಒಗೀಬೇಕು, ಉಗುರುಬೆಚ್ಚಗಿನ ನೀರಲ್ಲ, ಕೈಯಿಟ್ರೆ ಸುಡೋ ಅಂಥ ನೀರು, ತಣ್ಣೀರಲ್ಲಿ ಒಗೆದ್ರೆ ಅವಕ್ಕೆ ಸ್ನಾನ ಮಾಡಿಸಿದ ಹಾಗಾಗುತ್ತೆ ಅಷ್ಟೆ, ಎಂದು ಬೆಳಿಗ್ಗೆ ನಾಯಿ ಡಾಕ್ಟರಮ್ಮ ಹೇಳಿ ಹೋಗಿದ್ದಾರೆ, ಅವಕ್ಕೆ ಎಂದರೆ ನುಸಿಗಳಿಗೆ, ಧೂಳಿನ ನುಸಿ, ಕಣ್ಣಿಗೆ ಕಾಣದ್ದು, ಹಾಸಿಗೆಯಲ್ಲಿ ದಿಂಬಿನಲ್ಲಿ ಕಂಬಳಿಯಲ್ಲಿ ಉದುರಿದ ಚರ್ಮದ ಹೊಟ್ಟು ತಿಂದುಕೊಂಡು ಬದುಕುವಂಥದ್ದು, ಯಾರನ್ನೂ ಕಚ್ಚುವುದಿಲ್ಲವಂತೆ, ತಮ್ಮ ಪಾಡಿಗೆ ತಾವಿರುತ್ತವಂತೆ, ಆದರೆ ಅವುಗಳ ಹಿಕ್ಕೆ ಈ ನಾಯಿಯ ಮೈಗೆ ಆಗಿಬರುವುದಿಲ್ಲ. ಆಗಿಬಾರದ್ದು ಒಂದಲ್ಲ ಎರಡಲ್ಲ, ಒಂದು ಹಾಸಿಗೆಯೊಳಗೆ ಒಂದು ಊರಿನಷ್ಟು. ಪ್ರೈಮರ್ ಎಂದು ನಾಯಿಗೆ ಹೆಸರಿಟ್ಟವನು ಅವನೇ, ಕಾರಿಗೆ ಬಣ್ಣ ಹೊಡೆಯುವವನ ಮನೆಗೆ ಬಂದ ಬೂದು ಮರಿಗೆ ಇನ್ನೇನು ಹೆಸರು, ಬಣ್ಣಕ್ಕೆ ಮುಂಚೆ ಹೊಡೆಯುವ ಬೂದು ಕೋಟು ಸಾಕ್ಷಾತ್ ಅದೇ ಬಣ್ಣ, ಆಗಿನ್ನೂ ಓಡಾಡಿಕೊಂಡಿದ್ದ ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಿದ್ದಳು, ಪುಣ್ಯಾತ್ಮ, ಉಪ್ಪುಕಾಗದ ಅಂತ ಇಡಲಿಲ್ವಲ್ಲ ಸದ್ಯ, ಅಂದಿದ್ದಳು, ಈಗ ಅವಳ ಅರ್ಧ ಬಾಯಿಯಲ್ಲಿ ಅದು ಪಾಮ ಆಗಿದೆ, ಪಾಮ, ಪಾಮ, ಅಗೋ ಕರೆದಳು. ಅವಳ ಕೋಣೆಯ ಬಾಗಿಲೂ ಮುಚ್ಚಿದೆ, ಅಡುಗೆಮನೆಯ ಬಾಗಿಲೂ ಮುಚ್ಚಿದೆ, ಮುಚ್ಚಿದವನು ಇವನು, ಕೋಣೆಯೊಳಗೆ ಈಗ ಮಂಚದ ಅಂಚಿನಿಂದ ಆ ಎಡಗೈ ಕೆಳಗೆ ಇಳಿಬಿದ್ದಿರುತ್ತದೆ, ಬೆರಳು ಬಿಚ್ಚುತ್ತವೆ, ಮಡಚುತ್ತವೆ, ಗಾಳಿಯನ್ನು ಹಿಡಿದು ಬಿಡುತ್ತವೆ — ಬೇಡ, ಅದನ್ನು ನೆನೆಯುವುದು ಬೇಡ, ಚಾದರ ಒತ್ತು.

ಡಾಕ್ಟರಮ್ಮ ಮನೆಗೇ ಬಂದಿದ್ದರು, ಭಾನುವಾರವಾದರೂ ಬಂದಿದ್ದರು, ಮಾತ್ರೆ ಕೊಟ್ಟಾಗ ತಗ್ಗುತ್ತದೆ, ಮಾತ್ರೆ ಮುಗಿದ ಕೂಡಲೇ ಕೆರೆತ ಬಡ್ಡಿ ಸಮೇತ ತಿರುಗಿ ಬರುತ್ತದೆ, ನಿಮ್ಮ ಮನೇನ ಒಂದ್ಸಲ ನೋಡ್ಬೇಕು ಕಣ್ರೀ, ಎಂದಿದ್ದರು ಕ್ಲಿನಿಕ್ಕಿನಲ್ಲಿ, ಅವನಿಗೆ ಒಳಗೊಳಗೇ ಖುಷಿಯಾಗಿತ್ತು, ನೋಡಲಿ, ಬಂದು ನೋಡಲಿ, ಇಂಥ ಮನೆ ಎಲ್ಲಾದರೂ ಕಂಡಿದ್ದರೆ ಹೇಳಲಿ, ಒಂದು ರಗ್ಗಿಲ್ಲ, ಒಂದು ಪರದೆಯಿಲ್ಲ, ಸೋಫಾವನ್ನು ಹೊರಗೆ ಹಾಕಿ ಮರದ ಬೆಂಚು ತಂದಾಗಿದೆ, ನಾಯಿಯ ಊಟ ಬಿಗಿ ಮುಚ್ಚಳದ ಡಬ್ಬದಲ್ಲಿ, ವಾರವಾರ ಔಷಧಿಯ ಶಾಂಪೂ, ನೊರೆ ಮೈಮೇಲೆ ಸ್ವಲ್ಪ ಹೊತ್ತು ಕೂರಬೇಕು ಎಂದು ಅದನ್ನು ತಬ್ಬಿ ಹಿಡಿದುಕೊಂಡು ಬಚ್ಚಲಲ್ಲಿ ತಾನೂ ನೆನೆಯುತ್ತಾನೆ, ಬೀದಿ ಸುತ್ತಿ ಬಂದರೆ ನಾಲ್ಕೂ ಕಾಲು ಒರೆಸುತ್ತಾನೆ, ತನ್ನ ಕಾಲು ಒರೆಸಿಕೊಳ್ಳುವುದನ್ನು ಮರೆತಾನು, ಅದರದ್ದು ಮರೆಯುವುದಿಲ್ಲ. ಡಾಕ್ಟರಮ್ಮ ಒಂದೊಂದನ್ನೇ ನೋಡಿದರು, ಒಳ್ಳೇದು, ಇದೂ ಒಳ್ಳೇದು, ಭೇಷ್ ಕಣ್ರೀ, ಎನ್ನುತ್ತ ಹಿಂದೆ ಹಿಂದೆ ಬಂದರು, ಅಕ್ಕನ ಕೋಣೆಯ ಹೊಸ್ತಿಲಲ್ಲಿ ನಿಂತುಬಿಟ್ಟರು. ಮೂಗಿನಿಂದ ಉಸಿರೆಳೆದರು. ಇದೇನಿದು. ಕೋಣೆಯ ಆ ಮೂಲೆಯಿಂದ ಈ ಮೂಲೆಗೆ ಹಗ್ಗ, ಹಗ್ಗದ ತುಂಬ ಒದ್ದೆ ಚಾದರ, ಕಿಟಕಿ ಭದ್ರ, ನೆಲದ ಮೇಲೆ ನೀರಿನ ಮಿನುಗು, ಮಧ್ಯದಲ್ಲಿ ಮಂಚ, ಮಂಚದ ಮೇಲೆ ಅಕ್ಕ, ಮಂಚದ ಪಕ್ಕ ನಾಯಿ. ಧೂಳು ಏಳದ ಹಾಗೆ ಡಾಕ್ಟ್ರೇ, ಅವನು ಹೆಮ್ಮೆಯಿಂದಲೇ ಹೇಳಿದ, ಈಗ ನೆನೆದರೆ ಮೈ ಉರಿಯುತ್ತದೆ, ಹೆಮ್ಮೆಯಿಂದ, ಎದೆ ಮುಂದೆ ಮಾಡಿಕೊಂಡು, ಗ್ಯಾರೇಜಲ್ಲಿ ನಮ್ಮ ಬಣ್ಣದ ಬೂತ್‌ನಲ್ಲಿ ಹೀಗೇ ಮಾಡೋದು, ಬಣ್ಣ ಹೊಡೆಯೋಕೆ ಮುಂಚೆ ನೆಲಕ್ಕೆ ನೀರು, ಸುತ್ತ ಒದ್ದೆ ಬಟ್ಟೆ, ಹಾರೋ ಧೂಳೆಲ್ಲ ಅದಕ್ಕೇ ಅಂಟ್ಕೊಳ್ಳುತ್ತೆ, ಒಂದು ಕಣ ಹುಡುಕಿ ಕೊಡಿ ನೋಡೋಣ. ಯಾವಾಗಿಂದ ಮಾಡ್ತಿದ್ದೀರಿ ಇದನ್ನ. ನೀವು ಧೂಳಿನ ನುಸಿ ಅಂದಾಗಿಂದ. ಡಾಕ್ಟರಮ್ಮ ಚಾದರದ ಅಂಚನ್ನು ಮುಟ್ಟಿ ಬೆರಳು ಬೆರಳಿಗೆ ಉಜ್ಜಿಕೊಂಡರು, ಅಯ್ಯೋ ದೇವರೇ, ಎಂದರು, ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಬೈಯಲಿಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿದರು, ನೋಡಿ, ಈ ನುಸಿಗಳು ನಮ್ಮ ನಿಮ್ಮ ಹಾಗೆ ನೀರು ಕುಡಿಯಲ್ಲ, ಗಾಳಿಯಲ್ಲಿರೋ ತೇವಾನೇ ಅವಕ್ಕೆ ನೀರು, ಒಣ ಕೋಣೇಲಿ ಒಣಗಿ ಸಾಯ್ತವೆ, ನೀವು ಹೊತ್ತು ಹೊತ್ತಿಗೆ ಕುಡಿಸಿ ಸಾಕಿದ್ದೀರಿ.

ಸಾಕಿದ್ದೀರಿ. ಹಂಡೆ ಉಕ್ಕಿ ನೀರು ಒಲೆಗೆ ಬಿದ್ದು ಚುಂಯ್ ಎಂದಿತು, ಉರಿ ತಗ್ಗಿಸಿದ. ಧೂಳಿನ ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳುವಂತಿರಲಿಲ್ಲ, ಗ್ಯಾರೇಜಿನಲ್ಲಿ ಅವನನ್ನು ಕರೆಯುವುದೇ ಧೂಳಪ್ಪ ಎಂದು, ಧೂಳಪ್ಪ ಬಂದ, ಬಾಗಿಲು ಹಾಕ್ರೋ, ಉಸಿರು ಬಿಡಬೇಡ್ರೋ, ಎಂದು ನಗುತ್ತಾರೆ ತಗಡು ಬಡಿಯುವ ಟಿಂಕರ್ ಕೆಲಸದವರು, ಆದರೂ ಬೂತ್‌ನ ಮುಂದೆ ಶರಟು ಕೊಡವಲು ಹೆದರುತ್ತಾರೆ, ಯಾಕೆಂದರೆ ಕೊನೆಯ ಕೋಟು ಹೊಡೆದು ಇನ್ನೂ ಹಸಿಯಿರುವಾಗ ಒಂದೇ ಒಂದು ಕಣ ಬಂದು ಕೂತರೆ ಮುಗಿಯಿತು, ಒಣಗಿದ ಮೇಲೆ ಮೊಡವೆಯ ಹಾಗೆ ಎದ್ದು ಕಾಣುತ್ತದೆ, ಮತ್ತೆ ಉಜ್ಜು, ಮತ್ತೆ ಹೊಡೆ, ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಅವನ ಕೈಯಿಂದ ಪೊರಕೆ ಕಿತ್ತುಕೊಂಡು ಬಕೆಟ್ಟು ಕೊಟ್ಟಿದ್ದ, ಗುಡಿಸಿದ್ರೆ ಧೂಳು ಜಾಗ ಬದಲಾಯಿಸುತ್ತೆ ಅಷ್ಟೆ ಕಣೋ, ನೀರು ಹಾಕು, ಅದು ಹೆದರೋದು ನೀರಿಗೊಂದೇ. ಆ ಒಂದು ಮಾತು ಹಿಡಿದುಕೊಂಡೇ ಇಷ್ಟು ವರ್ಷ ಅನ್ನ ತಿಂದಿದ್ದಾನೆ, ಆ ಮಾತನ್ನೇ ಮನೆಗೂ ತಂದ, ಡಾಕ್ಟರಮ್ಮ ಮೊದಲ ಸಲ ಧೂಳಿನ ನುಸಿ ಎಂದಾಗ, ಧೂಳು ತಾನೇ, ಬಿಡಿ ಡಾಕ್ಟ್ರೇ, ಅದು ನನ್ನ ಕೆಲಸ, ಎಂದುಬಿಟ್ಟಿದ್ದ, ಅವರು ಬಾಯಿಬಿಟ್ಟು ಇನ್ನೇನೋ ಹೇಳಹೊರಟಿದ್ದರು, ಇವನು ಕೇಳಲಿಲ್ಲ, ಕುರ್ಚಿಯಿಂದ ಎದ್ದೇಬಿಟ್ಟಿದ್ದ. ಬೆಳಿಗ್ಗೆ ಎದ್ದು ಚಾದರ ನೆನೆಸಿ ಹಗ್ಗಕ್ಕೆ ಹಾಕಿ ಗ್ಯಾರೇಜಿಗೆ, ಊಟದ ಬಿಡುವಿನಲ್ಲಿ ಸೈಕಲ್ ತುಳಿದು ಬಂದು ಮತ್ತೆ ನೆನೆಸಿ, ಸಂಜೆ ಮತ್ತೆ, ಕೆರೆತ ಹೆಚ್ಚಾದರೆ ಇನ್ನೊಂದು ಚಾದರ, ಇನ್ನೊಂದು ಚಾದರಕ್ಕೆ ಇನ್ನಷ್ಟು ಕೆರೆತ, ನಾಯಿಯ ಹೊಟ್ಟೆ ಕೆಂಪಾಯಿತು, ಕಂಕುಳು ಕಪ್ಪಾಗಿ ದಪ್ಪವಾಯಿತು, ಕಿವಿಯೊಳಗಿಂದ ಹಳಸಿದ ವಾಸನೆ, ನೆಕ್ಕಿ ನೆಕ್ಕಿ ಬೂದು ಕಾಲುಗಳು ತುಕ್ಕಿನ ಬಣ್ಣಕ್ಕೆ ತಿರುಗಿದವು, ತಗಡಿನ ತುಕ್ಕಾದರೆ ಉಜ್ಜಿ ತೆಗೆಯಬಹುದು, ಇದನ್ನೇನು ಮಾಡುತ್ತೀಯ, ತನ್ನ ಜಾಣತನವೇ ಅದರ ಚರ್ಮ ಸುಲಿಯುತ್ತಿದೆ ಎಂದು ಅವನಿಗಾದರೂ ಹೇಗೆ ಗೊತ್ತಾಗಬೇಕು, ಅದಕ್ಕಂತೂ ಏನೂ ಗೊತ್ತಿಲ್ಲ, ಅವನು ಚಾದರ ಹಿಂಡುವಾಗ ಪಕ್ಕದಲ್ಲೇ ಕೂತು, ಹಿಂಡಿದ ನೀರು ಮೂಗಿಗೆ ಸಿಡಿದರೆ ಸೀನಿ, ಬಾಲ ಆಡಿಸುತ್ತಿತ್ತು.

ಪಾಮ. ಈ ಸಲ ಸ್ವಲ್ಪ ಜೋರಾಗಿ. ಬಂದೆ ಅಕ್ಕ, ಎಂದು ಕೂಗಿದ, ಹೋಗಲಿಲ್ಲ, ಕೋಲಿನಿಂದ ಚಾದರ ಎತ್ತಿ ಹಿಂಡತೊಡಗಿದ, ಸುಡುನೀರು ಮೊಣಕೈತನಕ ಇಳಿಯಿತು, ಇಳಿಯಲಿ, ಸುಡಲಿ. ಅಮ್ಮ ಹೋದಾಗ ಅವನು ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬಾರದವನು, ಅಕ್ಕ ಹೊಲಿಗೆ ಯಂತ್ರ ತುಳಿದು ಅವನನ್ನು ಮನುಷ್ಯನನ್ನಾಗಿ ಮಾಡಿದಳು, ಬಲಗೈ ಚಕ್ರದ ಮೇಲೆ, ಎಡಗೈ ಬಟ್ಟೆಯ ಮೇಲೆ, ಸೂಜಿಗೆ ದಾರಿ ತೋರಿಸುತ್ತಿದ್ದದ್ದು ಆ ಎಡಗೈಯೇ, ಊರಿನ ಅರ್ಧ ಜನರ ರವಿಕೆ ಲಂಗ ಆ ಕೈಕೆಳಗೆ ಹಾದುಹೋಗಿವೆ, ಒಂದು ಬೆಳಿಗ್ಗೆ ಆ ಕೈಯಿಂದ ಲೋಟ ಜಾರಿತು, ಹಾಳು ಲೋಟ, ಎಂದು ಬೈದಳು, ಬೈಗುಳ ಮುಗಿಯುವ ಮುಂಚೆ ಬಾಯಿ ಒಂದು ಕಡೆ ಜಾರಿತು, ಆಮೇಲೆ ಆಸ್ಪತ್ರೆ, ಆಮೇಲೆ ಈ ಮಂಚ. ವ್ಯಾಯಾಮ ಮಾಡಿಸುವ ಹುಡುಗಿ ಸ್ಪಂಜಿನ ಚೆಂಡು ತಂದು ಅಂಗೈಯಲ್ಲಿಟ್ಟಳು, ಒತ್ತಿ ಅಮ್ಮ, ಇನ್ನೊಂದ್ಸಲ, ನೀವು ಮನಸ್ಸು ಮಾಡಿದ್ರೆ ಆಗುತ್ತೆ, ಅಕ್ಕ ಮನಸ್ಸು ಮಾಡಲಿಲ್ಲ, ಚೆಂಡು ಯಾರದೋ ಮನೆಯ ಚೆಂಡಿನ ಹಾಗೆ ಅಲ್ಲಿ ಕೂತಿತ್ತು, ಅಕ್ಕ ಗೋಡೆ ನೋಡುತ್ತಿದ್ದಳು, ತಿಂಗಳುಗಟ್ಟಲೆ ಗೋಡೆ. ಒಂದು ದಿನ ಅವನು ಗ್ಯಾರೇಜಿನಿಂದ ಬಂದು ಚಪ್ಪಲಿ ಬಿಡುತ್ತಾ ಒಳಗೆ ನೋಡುತ್ತಾನೆ, ಮಂಚದ ಅಂಚಿನಿಂದ ಜೋತಾಡುವ ಕೈಯ ಕೆಳಗೆ ನಾಯಿ ತನ್ನ ತಲೆ ತಂದು ಇಟ್ಟುಕೊಂಡಿದೆ, ಯಾರೂ ಹೇಳಿದ್ದಲ್ಲ, ಅಕ್ಕನ ಬೆರಳು ಅದರ ಕಿವಿಯನ್ನು ಹಿಡಿದು ಉಜ್ಜುತ್ತಿವೆ, ಹೆಬ್ಬೆರಳು ಒಳಗೆ, ತೋರುಬೆರಳು ಹೊರಗೆ, ಬಟ್ಟೆಯ ನೂಲು ಒಳ್ಳೆಯದಾ ಎಂದು ನೋಡುವವರು ಉಜ್ಜುತ್ತಾರಲ್ಲ ಹಾಗೆ, ಅವಳಿಗೇ ಗೊತ್ತಿಲ್ಲ ತಾನು ಉಜ್ಜುತ್ತಿದ್ದೇನೆಂದು, ಅವಳು ಆಗಲೂ ಗೋಡೆಯನ್ನೇ ನೋಡುತ್ತಿದ್ದಳು. ಅವನು ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ಅಲ್ಲೇ ಅತ್ತುಬಿಟ್ಟ. ವ್ಯಾಯಾಮದ ಹುಡುಗಿ ಮಾರನೆಯ ದಿನ ಚಪ್ಪಾಳೆ ತಟ್ಟಿ ಚೆಂಡನ್ನು ಚೀಲಕ್ಕೆ ಹಾಕಿಕೊಂಡಳು, ಅಣ್ಣ, ಇನ್ನು ಇವನೇ ಡಾಕ್ಟ್ರು, ಇವನನ್ನ ಅಲ್ಲಿಂದ ಕದಲಿಸಬೇಡಿ, ಎಂದಳು, ಕದಲಿಸಲಿಲ್ಲ, ಹಗಲೂ ಅಲ್ಲೇ, ಇರುಳೂ ಅಲ್ಲೇ, ಆ ಹಳೆಯ ಹತ್ತಿ ಹಾಸಿಗೆಯ ಬಗಲಲ್ಲೇ, ಮೂಗನ್ನು ಹಾಸಿಗೆಗೆ ಒತ್ತಿಕೊಂಡೇ, ಎಲ್ಲ ನುಸಿಗಳ ತವರುಮನೆಯ ಬಾಗಿಲಲ್ಲೇ.

ಚಾದರವನ್ನು ಹೊರಗಿನ ತಂತಿಗೆ ಹಾಕಿದ, ಹೊರಗೆ, ಬಿಸಿಲಿಗೆ, ಇನ್ನು ಒಳಗೆ ಒಂದು ಕರವಸ್ತ್ರವೂ ಒದ್ದೆ ಇರುವ ಹಾಗಿಲ್ಲ, ನೆಲ ಒರೆಸಿದರೂ ಹಿಂಡಿದ ಬಟ್ಟೆಯಿಂದ, ಒರೆಸಿದ ಮೇಲೆ ಒಣ ಬಟ್ಟೆಯಿಂದ, ಕಿಟಕಿ ತೆಗೆದು. ಅಕ್ಕನ ಮಗಳು ಗಂಡನ ಊರಿನಿಂದ ಫೋನು ಮಾಡಿದಾಗೆಲ್ಲ ಹೇಳುವುದು ಒಂದೇ, ಮಾಮ, ಯಾರಿಗಾದ್ರೂ ಕೊಟ್ಬಿಡು ಮಾಮ ಆ ನಾಯೀನ, ನಿನಗೂ ವಯಸ್ಸಾಯ್ತು, ಎಷ್ಟೂಂತ ಮಾಡ್ತೀಯ, ಅಲ್ಲಿ ಕೂತು ಹೇಳುವುದು ಸುಲಭ, ಅವಳ ಮೇಲೆ ಸಿಟ್ಟಿಲ್ಲ, ಅವಳಿಗೂ ಎರಡು ಕೂಸು, ಆದರೆ ಆ ಕೈ ಅವಳು ನೋಡಿಲ್ಲ, ಫೋನಿನಲ್ಲಿ ಕೈ ಕಾಣಿಸುವುದಿಲ್ಲ. ಕೊಟ್ಟರೆ ಕೈ ಹೋಯಿತು, ಇಟ್ಟುಕೊಂಡರೆ ನಾಯಿ ಹೋಯಿತು, ಮಧ್ಯದಲ್ಲಿ ಇವನೊಬ್ಬ ಇದ್ದಾನೆ, ಇವನು ಎಲ್ಲಿಗೂ ಹೋಗುವ ಹಾಗಿಲ್ಲ, ಹಿತ್ತಲಿನ ಗೋಡೆಯಾಚೆ ಬೀದಿ ಇದೆ, ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತಾ ಹೋದರು, ಹೋದರು ನೋಡು, ಎಷ್ಟು ಸಲೀಸಾಗಿ, ಒಂದೊಂದು ಸಲ ಅನ್ನಿಸುತ್ತದೆ, ಸುಳ್ಳು ಯಾಕೆ, ದಿನಾ ಅನ್ನಿಸುತ್ತದೆ, ಗ್ಯಾರೇಜಿನಲ್ಲಿ ಬಣ್ಣ ಹೊಡೆದು ಮುಗಿದ ಕಾರನ್ನು ಒಂದು ಸುತ್ತು ನೋಡಿ ಬರ್ತೀನಿ ಎಂದು ತೆಗೆದುಕೊಂಡು ಹಾಗೇ, ದಾರಿ ಮುಗಿಯುವವರೆಗೆ, ಕಿಟಕಿ ಇಳಿಸಿಕೊಂಡು, ಧೂಳು ಬೇಕಾದಷ್ಟು ಒಳಗೆ ಬರಲಿ, ಬಂದು ತಲೆಯ ಮೇಲೆ ಕೂರಲಿ. ಆಮೇಲೆ ಸಂಜೆ ಐದಾಗುತ್ತದೆ, ಮಾತ್ರೆಯ ಹೊತ್ತು, ಅಕ್ಕನದೊಂದು, ನಾಯಿಯದೊಂದು, ಕಾಲು ತಾನಾಗಿ ಮನೆಯ ಕಡೆ ಸೈಕಲ್ ತುಳಿಯುತ್ತದೆ. ನಾಯಿಯ ಮೇಲೆ ಸಿಟ್ಟು ಬರುತ್ತದೆ, ಏನೋ ನಿಂದು, ಬೀದಿ ನಾಯಿಗಳು ತಿಪ್ಪೆಯಲ್ಲಿ ಹೊರಳಿದರೂ ಏನಾಗಲ್ಲ, ನಿನ್ನದು ರಾಜನ ಮೈಯಾ, ಎಂದು ಬೈದದ್ದಿದೆ, ಬೈದರೆ ಬಾಲ ಆಡಿಸುತ್ತದೆ, ಅಕ್ಕನ ಮೇಲೂ ಸಿಟ್ಟು ಬರುತ್ತದೆ, ಅದನ್ನು ಮಾತ್ರ ಹೊರಗೆ ಬಿಡುವುದಿಲ್ಲ, ಉಗುಳಿನ ಜೊತೆ ನುಂಗುತ್ತಾನೆ.

ನೆರೆಮನೆಯ ಬಸ್ ಡ್ರೈವರು ಕೈ ಹಾಕಿದ್ದಕ್ಕೆ ಕೆಲಸ ಆಯಿತು, ಬೆಳಿಗ್ಗೆ ಡಾಕ್ಟರಮ್ಮ ಹೋದ ಮೇಲೆ ಇಬ್ಬರೂ ಅಕ್ಕನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ ಹಳೆಯ ಹಾಸಿಗೆಯನ್ನು ಹೊರಗೆ ಹೊತ್ತರು, ಏನ್ ಗುರುವೇ ಇದು, ಹಾಸಿಗೆಯೋ ಆನೆಮರಿಯೋ, ಎಂದು ಡ್ರೈವರು ಏದುಸಿರುಬಿಟ್ಟ, ಇಷ್ಟು ದಿನದ ನೀರೆಲ್ಲ ಕುಡಿದು ಕೂತಿತ್ತಲ್ಲ, ಪೇಟೆಯಿಂದ ಹೊಸ ಹಾಸಿಗೆ ಬಂತು, ಅದರ ಮೇಲೆ ಡಾಕ್ಟರಮ್ಮ ಕೊಟ್ಟುಹೋದ, ಸುತ್ತ ಜಿಪ್ಪು ಹಾಕುವ ಕವರು, ನುಸಿ ಒಳಗೆ ಹೋಗದ ಹೊರಗೆ ಬಾರದ ಬಟ್ಟೆಯಂತೆ, ಅಕ್ಕ ಮಗ್ಗುಲು ಬದಲಿಸಿದರೆ ಚರಚರ ಎನ್ನುತ್ತದೆ, ಬಾಯಿಬಡುಕ ಹಾಸಿಗೆ, ಎಂದಳು ಅಕ್ಕ, ತೊದಲುತ್ತಲೇ, ಅವನಿಗೆ ನಗು ಬಂತು, ಅವಳಿಗೂ ಬಂತು, ಅರ್ಧ ಬಾಯಿಯ ನಗು, ಆಮೇಲೆ ಅವನು ನಾಯಿಯ ಕತ್ತಿನ ಪಟ್ಟಿ ಹಿಡಿದು ಅಡುಗೆಮನೆಗೆ ಎಳೆದದ್ದನ್ನು ನೋಡಿದಳು, ನಗು ಅಲ್ಲೇ ನಿಂತಿತು. ಡಾಕ್ಟರಮ್ಮ ಹೇಳಿದ್ದು ಸ್ಪಷ್ಟ, ಹಾಸಿಗೆ ಬದಲಾಯಿಸಿದ ಮಾತ್ರಕ್ಕೆ ಮುಗಿಯಲ್ಲ, ಗೋಡೆ, ಮಂಚದ ಸಂದಿ, ಬೀರು, ಎಲ್ಲಾ ತೇವ ಹೀರಿಕೊಂಡಿದೆ, ಈ ಕೋಣೆ ಪೂರ್ತಿ ಒಣಗಬೇಕು, ಅಲ್ಲೀವರೆಗೆ ನಾಯಿ ಹೊಸ್ತಿಲು ದಾಟಕೂಡದು, ನಿಮ್ಮಕ್ಕನ್ನ ಹೊರಗೆ ತಂದು ಕೂರಿಸಿದ್ರೂ ಹತ್ತಿರ ಬಿಡಬೇಡಿ, ಅವರ ಬಟ್ಟೆ ಕೂದಲಿಗೂ ಅದೇ ಅಂಟಿರುತ್ತೆ, ಮೈಮೇಲಿನ ಗಾಯ ಈಗಲೇ ಕೀವು ಕಟ್ಟಿದೆ, ಇನ್ನೊಂದು ಸಲ ಒಳಗೆ ಬಿಟ್ರೆ ನಾನು ಕೊಡೋ ಔಷಧಿಗೂ ಬಗ್ಗದ ಹಾಗಾಗುತ್ತೆ. ಎಷ್ಟು ದಿನ ಡಾಕ್ಟ್ರೇ. ವಾರಗಳು, ತಿಂಗಳೂ ಆಗಬಹುದು, ಇದು ಗುಣ ಆಗೋ ಕಾಯಿಲೆ ಅಲ್ಲ ಕಣ್ರೀ, ಹಿಡಿತದಲ್ಲಿ ಇಟ್ಕೊಳ್ಳೋ ಕಾಯಿಲೆ, ಬದುಕಿರೋವರೆಗೂ. ಅವನು ವ್ಯಾಯಾಮದ ಹುಡುಗಿಗೆ ಫೋನು ಮಾಡಿದ, ತಂಗಿ, ಕೆಲವು ವಾರ ನಾಯಿ ಇರಲ್ಲ, ಪರವಾಗಿಲ್ವಾ, ಹುಡುಗಿ ಹೇಳಿದಳು, ಅಣ್ಣ, ಕೈ ಈಗ ತಾನೇ ಕಲೀತಿದೆ, ಇಷ್ಟರಲ್ಲಿ ಬಿಟ್ರೆ ಮರೆತುಬಿಡುತ್ತೆ, ಒಂದ್ಸಲ ಮರೆತ್ರೆ ಮತ್ತೆ ಬರುತ್ತೆ ಅಂತ ನಾನು ಹೇಳಲಾರೆ. ಅವರು ಇಬ್ಬರೂ ಸುಳ್ಳು ಹೇಳುವವರಲ್ಲ. ಒಬ್ಬರು ಸುಳ್ಳು ಹೇಳಿದ್ದರೆ ಇವನು ಬದುಕಿಕೊಳ್ಳುತ್ತಿದ್ದ.

ಚಪ್ ಚಪ್ ನಿಂತಿದೆ. ಈಗ ಅಡುಗೆಮನೆಯ ಬಾಗಿಲನ್ನು ಉಗುರಿನಿಂದ ಕೆರೆಯುತ್ತಿದೆ, ಒಂದು ಕೆರೆತ, ನಿಲ್ಲಿಸಿ ಕೇಳುವುದು, ಇನ್ನೊಂದು ಕೆರೆತ, ಅವನು ನಡುಮನೆಗೆ ಬಂದು ನಿಂತ, ಆ ಕಡೆ ಆ ಬಾಗಿಲು, ಈ ಕಡೆ ಈ ಬಾಗಿಲು, ನಡುವೆ ಮರದ ಬೆಂಚು, ಪರದೆಯಿಲ್ಲದ ಕಿಟಕಿ, ಬೋಳು ನೆಲ, ಯಾವುದಕ್ಕಾಗಿ ಇಷ್ಟು ಬೋಳಿಸಿದೆ ಈ ಮನೆಯನ್ನು, ಕೂರಲು ಮೆತ್ತನೆಯ ಜಾಗ ಒಂದು ಉಳಿದಿಲ್ಲ. ಅಕ್ಕನ ಬಾಗಿಲು ತೆಗೆದ. ಕಿಟಕಿಯಿಂದ ಬಿಸಿಲು ಮಂಚದ ಕಾಲಿನವರೆಗೆ ಬಂದಿದೆ, ಹಗ್ಗ ಖಾಲಿ, ಅಕ್ಕ ಅವನನ್ನು ನೋಡಲಿಲ್ಲ, ಅವನ ಕಾಲಿನ ಹಿಂದೆ ನೋಡಿದಳು, ಹಿಂದೆ ಏನೂ ಬರಲಿಲ್ಲ. ಎಡಗೈ ಮಂಚದ ಅಂಚಿನಿಂದ ಇಳಿಬಿದ್ದಿತ್ತು, ಬೆರಳು ಬಿಚ್ಚುತ್ತಿದ್ದವು, ಮಡಚುತ್ತಿದ್ದವು. ಬಾಗ್ಲು ತೆಗಿ, ಎಂದಳು. ತೆಗೆದಿದ್ದೀನಲ್ಲಕ್ಕ. ಆ ಬಾಗ್ಲು. ಅದಕ್ಕೆ ಹುಷಾರಿಲ್ಲಕ್ಕ, ಮೈಯೆಲ್ಲ ಹುಣ್ಣಾಗಿದೆ, ಇಲ್ಲಿಗೆ ಬಂದ್ರೆ ಜಾಸ್ತಿ ಆಗುತ್ತೆ, ವಾಸಿ ಆಗ್ಲಿ, ಆಮೇಲೆ ಕರ್ಕೊಂಡು ಬರ್ತೀನಿ. ಅಳುತ್ತೆ ಅದು. ಅಳಲಿ. ನೀನು ತೆಗೀತೀಯೋ ಇಲ್ವೋ. ತೆಗೆಯಲ್ಲಕ್ಕ — ಹೇಳಿಬಿಟ್ಟ, ಅವಳ ಮಾತಿಗೆ ಇಲ್ಲ ಎಂದದ್ದು ಇದೇ ಮೊದಲು, ಶಾಲೆ ಬಿಡು ಎಂದಾಗ ಬಿಟ್ಟಿದ್ದ, ಬಣ್ಣದ ಕೆಲಸ ಕಲಿ ಎಂದಾಗ ಕಲಿತಿದ್ದ, ಮದುವೆಗೆ ನೋಡಿದ ಹುಡುಗಿ ನನಗೆ ಒಪ್ಪಲಿಲ್ಲ ಬಿಟ್ಟುಬಿಡು ಎಂದಾಗ ಅದನ್ನೂ ಬಿಟ್ಟಿದ್ದ, ಅಕ್ಕ ಅವನ ಮುಖ ನೋಡಿದಳು, ತಮ್ಮನ ಮುಖದಲ್ಲಿ ಬೇರೆ ಯಾರೋ ಬಂದು ಕೂತಿದ್ದಾರೇನೋ ಎಂಬಂತೆ, ಆಮೇಲೆ ಗೋಡೆಯ ಕಡೆ ತಿರುಗಿಕೊಂಡಳು. ಆ ಗೋಡೆ. ಮತ್ತೆ ಆ ಗೋಡೆ.

ಸ್ಪಂಜಿನ ಚೆಂಡು ಬೀರುವಿನಲ್ಲಿತ್ತು, ಹುಡುಗಿ ಇನ್ನೊಂದನ್ನು ಬಿಟ್ಟುಹೋಗಿದ್ದಳು, ತಂದು ಬೆರಳಿಗೆ ತಾಗಿಸಿದ, ಬೆರಳು ಅದನ್ನು ಮುಟ್ಟಿ ನೋಡಿ ಹಿಂದೆ ಸರಿದವು, ಚೆಂಡು ಬಿದ್ದು ಮಂಚದಡಿಗೆ ಉರುಳಿತು, ಗ್ಯಾರೇಜಿನಲ್ಲಿ ಕಾರು ಒರೆಸುವ ಮೆತ್ತನೆಯ ಬಟ್ಟೆ, ಹೊಸದು, ತೊಳೆದದ್ದು, ಅದನ್ನು ಕಿವಿಯ ಆಕಾರಕ್ಕೆ ಮಡಚಿ ಕೊಟ್ಟ, ತಾನು ಮಾಡುತ್ತಿರುವುದು ಎಂಥ ಹುಚ್ಚು ಎಂದು ಗೊತ್ತಿದ್ದೂ ಕೊಟ್ಟ, ಬೆರಳು ಹಿಡಿದವು, ಹೆಬ್ಬೆರಳಿಂದ ಒಮ್ಮೆ ಉಜ್ಜಿದವು, ಒಳ್ಳೇ ಬಟ್ಟೆ, ಎಂದಳು ಅಕ್ಕ ಗೋಡೆಗೆ, ಕೆಳಗೆ ಹಾಕಿದಳು. ಬೆರಳಿನ ಚಲನೆ ನಿಧಾನವಾಗುತ್ತಿತ್ತೇ, ಅಥವಾ ಅವನ ಕಣ್ಣಿಗೆ ಹಾಗೆ ಕಂಡಿತೇ, ಬೆಳಿಗ್ಗೆ ಇದಕ್ಕಿಂತ ಚುರುಕಾಗಿತ್ತಲ್ಲ, ಮರೆಯಲು ವಾರ ಬೇಕು ಎಂದಿದ್ದಾಳಾ ಹುಡುಗಿ, ಒಂದು ಮಧ್ಯಾಹ್ನ ಸಾಕು ಎಂದಿದ್ದಾಳಾ, ಕೇಳಲೇ ಇಲ್ಲ, ಅಡುಗೆಮನೆಯ ಚಿಲಕ ಇಲ್ಲಿಂದ ನಾಲ್ಕು ಹೆಜ್ಜೆ, ತೆಗೆದರೆ ಅದು ಒಂದೇ ನೆಗೆತಕ್ಕೆ ಬಂದು ತಲೆಯಿಡುತ್ತದೆ, ಇಬ್ಬರೂ ಸುಖವಾಗಿರುತ್ತಾರೆ, ರಾತ್ರಿಯ ಹೊತ್ತಿಗೆ ಕಿವಿಯಿಂದ ರಕ್ತ, ಅಕ್ಕನ ಉಗುರಿನ ಸಂದಿಯಲ್ಲಿ ರಕ್ತ, ಹೋದ ವಾರ ಅವನು ಆ ಬೆರಳುಗಳನ್ನು ತೊಳೆದದ್ದು ಹಾಗೆಯೇ, ಒಂದೊಂದಾಗಿ, ಅವಳಿಗೆ ಕಾಣದ ಹಾಗೆ ಟವೆಲ್ಲು ಅಡ್ಡ ಹಿಡಿದು. ತೆಗೆಯುವುದಿಲ್ಲ. ಅವನು ಎದ್ದುಹೋಗಲೂ ಇಲ್ಲ. ಮಂಚದ ಪಕ್ಕ ನೆಲಕ್ಕೆ ಕೂತ, ನಾಯಿ ಮಲಗುತ್ತಿದ್ದ ಕಡೆ, ಮೊಣಕಾಲು ಮಡಚಿ, ದೊಡ್ಡ ಮೈ ಚಿಕ್ಕದು ಮಾಡಿಕೊಂಡು, ಯಾರಾದರೂ ನೋಡಿದರೆ ನಗುತ್ತಾರೆ, ನಗಲಿ, ಬೆನ್ನು ಬಗ್ಗಿಸಿ, ತಲೆಯನ್ನು ತಂದು ಆ ಕೈಯ ಕೆಳಗಿಟ್ಟ.

ಬೆರಳು ಕೂದಲಿಗೆ ತಾಗಿದವು. ನಿಂತವು. ಕೂದಲೊಳಗೆ ಇಳಿದವು, ನಾರಿನ ಹಾಗೆ ಒರಟಾದ ಕೂದಲು, ಎಷ್ಟು ತಿಕ್ಕಿದರೂ ಹೋಗದ ಬಣ್ಣ, ನಿಧಾನವಾಗಿ ಬದಿಗೆ ಜರುಗಿ ಕಿವಿ ಹುಡುಕಿದವು, ಕಿವಿ ಸಿಕ್ಕಿತು, ಹೆಬ್ಬೆರಳು ಒಳಗೆ, ತೋರುಬೆರಳು ಹೊರಗೆ, ಒಮ್ಮೆ ಉಜ್ಜಿದವು, ಅವನು ಉಸಿರು ಹಿಡಿದ, ಹಾಂ, ಹೀಗೇ, ಇಷ್ಟೇ ಸಾಕಕ್ಕ, ನಾನೇ ಕೂರ್ತೀನಿ ದಿನಾ, ರಜೆ ಹಾಕ್ತೀನಿ, ಬೆಳಿಗ್ಗೆ ಸಂಜೆ ಕೂರ್ತೀನಿ, ಕದಲಲ್ಲ — ನೀನು, ಎಂದಳು ಅಕ್ಕ ಮೇಲಿನಿಂದ, ಕೋಪವಿಲ್ಲ, ಅಂಗಡಿಯಲ್ಲಿ ಕೇಳಿದ ಬಣ್ಣದ ದಾರ ಸಿಗದೆ ಇನ್ನೊಂದು ಕೊಟ್ಟಾಗ ಹೇಳುವ ಹಾಗೆ, ಇದು ನೀನು. ಬೆರಳು ಕಿವಿ ಬಿಟ್ಟವು. ಅವನ ತಲೆಯನ್ನು ದಾಟಿದವು, ಕೆನ್ನೆಯ ಪಕ್ಕದಿಂದ ಹಾದು, ಮೂಗಿನ ಮುಂದಿನ ಖಾಲಿ ಜಾಗಕ್ಕೆ ಬಂದವು, ಅಲ್ಲಿ ಹುಡುಕತೊಡಗಿದವು, ಈಗ ಅವು ಅವನ ಕಣ್ಣಿನ ನೇರಕ್ಕೇ ಇವೆ, ಸೂಜಿ ಚುಚ್ಚಿದ ಹಳೆಯ ಕಲೆಗಳು, ತೆಳ್ಳಗೆ ನಡುಗುವ ಕಿರುಬೆರಳು, ಬಿಚ್ಚಿದವು, ಮಡಚಿದವು, ಏಳಬೇಕು, ಎದ್ದರೆ ಕೈಗೆ ತಗಲುತ್ತದೆ, ತಗಲಿದರೆ ನಿಂತುಬಿಡಬಹುದು, ಬಿಚ್ಚಿದವು, ಮಡಚಿದವು, ಆ ಕಡೆ ಬಾಗಿಲ ಮೇಲೆ ಉಗುರು, ಒಂದು ಸಲ, ಮತ್ತೆ ಕಾಯುವುದು, ಬಿಚ್ಚಿದವು, ತಡವಾಗಿ ಮಡಚಿದವು, ಬಿಚ್ಚಿದವು, ಈಗ ಮಡಚುತ್ತವೆ, ಈಗ, ಸ್ವಲ್ಪ ತಡವಾಗಿದೆ ಅಷ್ಟೆ, ಈಗ — ಬಿಚ್ಚಿದ ಐದು ಬೆರಳು, ಅವನ ಕಣ್ಣಿನ ಮುಂದೆ, ಬಿಚ್ಚಿದ ಐದು ಬೆರಳು